ನಮ್ಮ ಪ್ರತ್ಯಯಗಳಿಗೂ ಕೆಲಸ ಕೊಡಿ

ಮಾನ್ಯರೆ,

ಕೊಡಗಿನಲ್ಲಿ ಕಾಫಿ ಬೆಳೆಯುವವರನ್ನು ನಾವೆಲ್ಲ ಬೆಳೆಗಾರರು ಅಂತಲೇ ಕರೆಯುತ್ತೇವೆ. ಬೆಳೆಗೆ ‘ಗಾರ’ ಎಂಬ ಪ್ರತ್ಯಯ ಸೇರಿತು, ಪದ ಸಿದ್ಧ. ಆದರೆ ಹೊಸ ಕೆಲಸ, ಹೊಸ ವಸ್ತು ಬಂದಾಗ ಪತ್ರಿಕೆಗಳು ಒಂದೋ ಇಂಗ್ಲಿಷನ್ನೇ ಹಾಕುತ್ತವೆ, ಇಲ್ಲವೇ ನಾಲಿಗೆ ತಿರುಗದ ಉದ್ದನೆಯ ಸಮಾಸ ಕಟ್ಟುತ್ತವೆ. ಇದು ಬದಲಾಗಬೇಕು.

ಸ್ಪ್ಯಾನಿಷ್ ನೋಡಿ. ಅವರಿಗೂ ಕಾಫಿ ಹೊರಗಿನಿಂದ ಬಂದ ಪದವೇ, ‘ಕಫೆ’. ಅದಕ್ಕೆ ತಮ್ಮ ಪ್ರತ್ಯಯ ಹಚ್ಚಿ ಗಿಡಕ್ಕೆ ‘ಕಫೆತೊ’, ತೋಟಕ್ಕೆ ‘ಕಫೆತಾಲ್’, ಬೆಳೆಗಾರನಿಗೆ ‘ಕಫೆತೆರೊ’, ಕಾಫಿ ಮಾಡುವ ಪಾತ್ರೆಗೆ ‘ಕಫೆತೆರಾ’, ಅಂಗಡಿಗೆ ‘ಕಫೆತೆರಿಯಾ’, ಪ್ರೀತಿಯಿಂದ ಕೊಡುವ ಪುಟ್ಟ ಲೋಟ ಕಾಫಿಗೆ ‘ಕಫೆಸಿತೊ’ ಅಂದರು. ವೇಲ್ಸ್‌ನವರು ಇಂಗ್ಲಿಷಿನ ಫಾರ್ಮ್ ತಗೊಂಡು, ‘ಗಂಡಸು’ ಅನ್ನೋ ತಮ್ಮ ಹಳೇ ಪದದಿಂದ ಬಂದ ‘ವುರ್’ ಸೇರಿಸಿ, ರೈತನಿಗೆ ‘ಫೆರ್ಮುರ್’ ಅನ್ನುತ್ತಾರೆ. ಐರಿಷ್‌ನಲ್ಲಿ ‘ಬಿಯ’ ಅಂದ್ರೆ ಆಹಾರ, ‘ಲನ್’ ಅಂದ್ರೆ ಜಾಗ, ‘ಬಿಯಲನ್’ ಹೋಟೆಲು. ನಮ್ಮ ಅಡುಗೆಮನೆ, ಸೆರೆಮನೆ ಥರವೇ ಅಲ್ವಾ? ಹಾಗಿದ್ದರೆ ಗ್ರಂಥಾಲಯದ ಪಕ್ಕದಲ್ಲಿ ‘ಓದುಮನೆ’ಗೂ ಜಾಗ ಇರಲಿ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಲ್ಯಾಟಿನ್‌ನಲ್ಲಿ ‘ಕ್ಲಾರಾ ಮೆಂತೆ’ ಅಂದರೆ ತಿಳಿಯಾದ ಮನಸ್ಸಿನಿಂದ. ಆ ‘ಮೆಂತೆ’ ಸವೆದು ಸವೆದು ಬರೀ ಪ್ರತ್ಯಯವಾಯಿತು, ನಮ್ಮಲ್ಲಿ ‘ಆಗು’ವಿನಿಂದ ಬಂದ ‘ಆಗಿ’ ಆದ ಹಾಗೆ. ಸ್ಪ್ಯಾನಿಷ್‌ನಲ್ಲಿ ‘ಕ್ಲಾರಾಮೆಂತೆ’ ಅಂದರೆ ಸ್ಪಷ್ಟವಾಗಿ. ಇಂಥ ಎರಡು ಪದ ಜೊತೆಗೆ ಬಂದರೆ ಮೊದಲನೆಯದಕ್ಕೆ ಪ್ರತ್ಯಯ ಹಚ್ಚುವುದಿಲ್ಲ, ‘ಕ್ಲಾರಾ ಇ ಸೆನ್ಸಿಯಾಮೆಂತೆ’. ನಾವೂ ‘ಸ್ಪಷ್ಟ ಮತ್ತು ಸರಳವಾಗಿ’ ಅಂತಲೇ ಬರೆಯುತ್ತೇವೆ! ಯಾವ ಸಂಬಂಧವೂ ಇಲ್ಲದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ. ಇದನ್ನು ಹೇಳಿಕೊಟ್ಟರೆ ಯಾವ ಮಗುವಿಗೆ ವ್ಯಾಕರಣ ಬೇಜಾರಾಗುತ್ತೆ? ಶಾಲೆಯಲ್ಲಿ ಮಾತ್ರ ಕೃದಂತ, ತದ್ಧಿತಾಂತ ಅಂತ ಪಟ್ಟಿ ಬಾಯಿಪಾಠ ಮಾಡಿಸಿ ಪರೀಕ್ಷೆ ಮುಗಿಸುತ್ತಾರೆ.

ಪ್ರತ್ಯಯದ ಆಯಸ್ಸು ಜಾಸ್ತಿ. ಫ್ರಾನ್ಸ್‌ನ ಒರಿಯಾಕ್ ಊರು ರೋಮನ್ನರ ಕಾಲದಲ್ಲಿ ಔರೇಲಿಯಸ್ ಎಂಬ ಹೆಸರಿನವನ ಜಮೀನು. ಕೊನೆಯ ‘ಆಕ್’ ಅಲ್ಲಿ ಹಿಂದೆ ಆಡುತ್ತಿದ್ದ ಗಾಲಿಷ್ ಅನ್ನೋ ಕೆಲ್ಟಿಕ್ ಭಾಷೆಯದು. ಆ ಭಾಷೆ ಆಡುವವರು ಒಬ್ಬರೂ ಉಳಿದಿಲ್ಲ, ಊರಿನ ಹೆಸರಲ್ಲಿ ಪ್ರತ್ಯಯ ಇದೆ. ನಮ್ಮ ಕೊಡವ ಒಕ್ಕಗಳ, ಅಂದರೆ ಮನೆತನಗಳ, ಹೆಸರಿನ ಕೊನೆಯ ‘ಂಡ’, ‘ಇರ’ ನೋಡಿ, ತೋಟದ ಗೇಟಿನ ಬೋರ್ಡ್‌ನಲ್ಲೇ ಓದಬಹುದು. ಅವುಗಳ ಬಗ್ಗೆ ಎಷ್ಟು ಮಕ್ಕಳಿಗೆ ಗೊತ್ತು?

ಅದಕ್ಕೇ ಕೇಳುತ್ತಿದ್ದೇನೆ. ‘ಹೋಂಸ್ಟೇ ಮಾಲೀಕರು’ ಬದಲು ‘ಹೋಂಸ್ಟೇಗಾರರು’ ಅಂತ ಒಮ್ಮೆ ಅಚ್ಚು ಹಾಕಿ ನೋಡಿ. ವಾರಕ್ಕೊಂದು ಪ್ರತ್ಯಯಕ್ಕೆ ಪುಟದ ಒಂದು ಮೂಲೆ ಕೊಡಿ, ಅದರಲ್ಲಿ ನಮ್ಮ ಕೊಡಗಿನ ಭಾಷೆಗಳಾದ ಕೊಡವ ತಕ್ಕ್, ಅರೆಭಾಷೆಯವೂ ಬರಲಿ. ‘ಗಾರ’ದಿಂದಲೇ ಶುರು ಮಾಡಿ, ಪದಗಳನ್ನು ಓದುಗರು ನಾವು ಕಳಿಸುತ್ತೇವೆ.

– ಓದುಗ, ಸೋಮವಾರಪೇಟೆ, ಕೊಡಗು