ಮಗಳಿಗೊಂದು ಪತ್ರ: ಆ ಕಡೇ ಸಾಲಿನ 'ಟು'

ಮಗಾ,

ನಮ್ಮ ಕಾಸರಗೋಡು ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಗೆ ಪ್ರಾಜೆಕ್ಟ್ ಕೇಳಿ ಬರೆದ ಲೆಟರ್ ವಾಟ್ಸಾಪಲ್ಲಿ ಕಳಿಸಿದ್ದಿಯಲ್ಲ, ಊಟ ಆದ್ಮೇಲೆ ಕೂತು ಪೂರಾ ಓದಿದೆ. ಚಂದ ಉಂಟು. 1916ರಲ್ಲಿ ಮದ್ರಾಸ್ ಸರ್ಕಾರದ ಕಾಲದಲ್ಲಿ ಇಲ್ಲಿ ತೆಂಗಿನ ರಿಸರ್ಚ್ ಸ್ಟೇಷನ್ ಶುರು ಆದದ್ದು, ನಮ್ಮ ತೋಟದ ಅಡಕೆ ಕೊಳೆರೋಗ ನೀನು ಕಣ್ಣಾರೆ ನೋಡಿದ್ದು, ಎಲ್ಲ ಸರಿಯಾಗಿ ಕೂತಿದೆ, ಅದನ್ನು ಮುಟ್ಟಬೇಡ.

ಕಡೇ ಸಾಲು ಮಾತ್ರ ನೋಡು. 'ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು' ಅಂತ ಬರೆದಿದ್ದಿ. ಹಿಯರ್ ಅಲ್ಲ, ಹಿಯರಿಂಗ್ ಆಗ್ಬೇಕು. ವಾಂಟ್ ಟು ಗೋ, ಹೋಪ್ ಟು ಸೀ ಅಂತ ಬರೆದು ಬರೆದು ಟು ಕಂಡ ಕೂಡ್ಲೆ ಬರೀ ಕ್ರಿಯಾಪದ ಹಾಕುದು ನಮಗೆ ಅಭ್ಯಾಸ ಆಗಿರ್ತದೆ, ಆದ್ರೆ ಈ ಟು ಬೇರೆ, ಇದು ಪ್ರಿಪೊಸಿಷನ್, ನಮ್ಮ 'ಗೆ', 'ಕ್ಕೆ' ಇದ್ದ ಹಾಗೆ. ಕನ್ನಡದಲ್ಲೂ 'ಕೇಳು' ಅನ್ನುದಕ್ಕೆ ನೇರ 'ಗೆ' ಹಚ್ಚಿದ್ರೆ ಆಗುದಿಲ್ಲ ಅಲ್ವಾ, ಮೊದ್ಲು 'ಕೇಳುವುದು' ಅಂತ ಮಾಡ್ಕೊಂಡು ಆಮೇಲೆ 'ಕೇಳುವುದಕ್ಕೆ' ಅಂತೇವೆ. ಇಂಗ್ಲಿಷಲ್ಲಿ ಆ ಕೆಲಸ ಕ್ರಿಯಾಪದದ ಕೊನೆಗೆ ಹಚ್ಚುವ ಐಎನ್‌ಜಿ (-ing) ಮಾಡ್ತದೆ.

ಡೌಟ್ ಬಂದ್ರೆ ಆ ಜಾಗದಲ್ಲಿ 'ಯುವರ್ ರಿಪ್ಲೈ' ಹಾಕಿ ನೋಡು. 'ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ' ಸರಿ ಕೂರ್ತದೆ, 'ವಾಂಟ್ ಟು ಯುವರ್ ರಿಪ್ಲೈ' ಕೂರುದೇ ಇಲ್ಲ. ಹೀಗೆ ಟು ಆದ್ಮೇಲೆ ನಾಮಪದ ಕೂರುವಲ್ಲೆಲ್ಲ ಕ್ರಿಯಾಪದಕ್ಕೆ ಐಎನ್‌ಜಿ ಬೇಕು.

ಎರಡನೇ ಪ್ಯಾರಾದಲ್ಲೂ ಇದೇ ಉಂಟು, 'ಐ ಯಾಮ್ ಯೂಸ್ಡ್ ಟು ವರ್ಕ್ ಇನ್ ದ ಲ್ಯಾಬ್'. ಲ್ಯಾಬ್ ಕೆಲಸ ರೂಢಿ ಉಂಟು ಅಂತ ಹೇಳ್ಬೇಕಾದ್ರೆ 'ಯಾಮ್ ಯೂಸ್ಡ್ ಟು ವರ್ಕಿಂಗ್', 'ಯಾಮ್' ಇಲ್ಲದೆ 'ಐ ಯೂಸ್ಡ್ ಟು ವರ್ಕ್' ಅಂದ್ರೆ ಮೊದ್ಲು ಮಾಡ್ತಿದ್ದೆ, ಈಗಿಲ್ಲ ಅಂತಾಗ್ತದೆ. ಇದು ಸಣ್ಣ ವಿಷಯ ಅಲ್ಲ, ಓದುವವರಿಗೆ ಅರ್ಥವೇ ತಿರುಗ್ತದೆ.

'ಲುಕಿಂಗ್ ಫಾರ್ವರ್ಡ್' ಅಂತ ಫ್ರೆಂಡ್ಸಿಗೆ ಬರಿ, ಆಫೀಸಿಗೆ 'ಐ ಲುಕ್ ಫಾರ್ವರ್ಡ್' ಅಂತ ಈಗ ಬರೆದದ್ದೇ ಗಂಭೀರ. ಮೇಲೆ ಹೆಸರಿಲ್ಲದೆ 'ಡಿಯರ್ ಸರ್' ಅಂತ ಹಾಕಿದ್ರಿಂದ ಕೆಳಗೆ 'ಯುವರ್ಸ್ ಫೇತ್‌ಫುಲಿ' ಇರ್ಲಿ.

ಮನೇಲಿ ತುಳು, ಶಾಲೇಲಿ ಕನ್ನಡ, ಪೇಟೇಲಿ ಮಲಯಾಳ, ಅದರ ಮೇಲೆ ಇಂಗ್ಲಿಷ್ ಕಲ್ತು ಇಷ್ಟು ಬರೆದಿದ್ದಿ, ನನಗೆ ತುಂಬ ಹೆಮ್ಮೆ ಉಂಟು ಮಗಾ. ಆ ಎರಡು ಸಾಲು ತಿದ್ದಿ ಸೋಮವಾರ ಬೆಳಿಗ್ಗೆಯೇ ಕಳಿಸಿಬಿಡು, ಕಾಪಿ ನನಗೂ ಹಾಕು.

ನಿನ್ನ ಅಮ್ಮ