ಹಾವುಮೀನಿನ ರಸೀದಿ

ಪ್ರೀತಿಯ ತಂಗಿ,

ಬಾರ್ತೊಲೊಮಿಯೊ ವಾಂಜೆಟ್ಟಿ, ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋಗಿ ಕೊಲೆ ಕೇಸಿನಲ್ಲಿ ಮರಣದಂಡನೆಗೆ ಒಳಗಾದ ಆ ಕೂಲಿಗಾರನ ಬಗ್ಗೆ ನೀನು ಕಳಿಸಿದ ಕರಡನ್ನು ಎರಡು ಸಲ ಓದಿದೆ. ತುಂಬಾ ದುಡಿದಿದ್ದೀಯ, ಗೊತ್ತಾಗುತ್ತದೆ. ಆದರೆ ನಿನ್ನ ಕಥೆ 1920ರ ಮೇ 5ರ ರಾತ್ರಿ ಶುರುವಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್‌ನಲ್ಲಿ ಟ್ರಾಮ್ ಹತ್ತಿದ ಪೊಲೀಸರು ಅವನನ್ನೂ ಅವನ ಗೆಳೆಯ ನಿಕೊಲಾ ಸಾಕೊನನ್ನೂ ಹಿಡಿಯುತ್ತಾರೆ. ಮುಗಿಯುವುದು 1927ರ ಆಗಸ್ಟ್ 23ಕ್ಕೆ, ಚಾರ್ಲ್ಸ್‌ಟೌನ್ ಜೈಲಿನ ವಿದ್ಯುತ್ ಕುರ್ಚಿಯಲ್ಲಿ. ಹಿಡಿದಾಗ ಅವನಿಗೆ 31 ವರ್ಷ. ಆ ವರ್ಷಗಳೆಲ್ಲ ಎಲ್ಲಿ ಹೋದವು?

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಒಬ್ಬ ಮಿಲ್ ಕಾರ್ಮಿಕರ ಬಗ್ಗೆ ಬರೆದಾಗ ಕೇಸಿನ ಕಾಗದಗಳನ್ನೇ ನೆಚ್ಚಿಕೊಂಡಿದ್ದೆ. ಅವರ ಮಗಳು ಓದಿ, "ಅಪ್ಪ ಮಿಲ್ಲಲ್ಲಿ ಏನು ಕೆಲಸ ಮಾಡ್ತಿದ್ರು ಅಂತ ಎಲ್ಲೂ ಇಲ್ವಲ್ಲ" ಅಂದರು. ಉತ್ತರ ಕೊಡೋಕೆ ಆಗಲಿಲ್ಲ. ಕೂಲಿಯವನು ಸರ್ಕಾರದ ಕಣ್ಣಿಗೆ ಬಿದ್ದ ದಿನದಿಂದ ಕಾಗದ ರಾಶಿ ರಾಶಿ ಸಿಗುತ್ತದೆ. ಅದಕ್ಕೇ ನಾವು ಅಲ್ಲಿಂದಲೇ ಶುರು ಮಾಡುತ್ತೇವೆ.

ನೀನು ಅವನ ಕೆಲಸಗಳ ಹಿಂದೆ ಹೋಗು. ಇಟಲಿಯ ವಿಲ್ಲಾಫಲ್ಲೆಟ್ಟೊ ಊರಿನ ಹುಡುಗ. 13 ವರ್ಷಕ್ಕೆ ಓದು ಬಿಡಿಸಿ ಮಿಠಾಯಿ ಅಂಗಡಿಗೆ ಕೆಲಸ ಕಲಿಯೋಕೆ ಹಾಕಿದರು. 1907ರಲ್ಲಿ ತಾಯಿ ತೀರಿಕೊಂಡರು. ಮರುವರ್ಷ ಹಡಗು ಹತ್ತಿದ. ನ್ಯೂಯಾರ್ಕಿನಲ್ಲಿ ಪಾತ್ರೆ ತೊಳೆದ. ಇಟ್ಟಿಗೆ ಗೂಡಿನಲ್ಲಿ, ಕಲ್ಲಿನ ಗಣಿಯಲ್ಲಿ ದುಡಿದ. ಮ್ಯಾಸಚೂಸೆಟ್ಸ್‌ನ ಪ್ಲಿಮತ್ ಊರಿಗೆ ಬಂದು ಹಗ್ಗದ ಕಾರ್ಖಾನೆ ಸೇರಿದ. 1916ರಲ್ಲಿ ಅಲ್ಲಿ ಮುಷ್ಕರ ಆದಾಗ ಅದರಲ್ಲಿ ಇವನೂ ಓಡಾಡಿದ. ಕೊನೆಗೆ ಒಂದು ಗಾಡಿ, ತಕ್ಕಡಿ, ಚಾಕು ಕೊಂಡು ಮನೆಮನೆಗೆ ಮೀನು ಮಾರಿದ. ಈ ಹತ್ತು-ಹನ್ನೆರಡು ವರ್ಷಕ್ಕೆ ನೀನು ಕೊಟ್ಟಿರೋದು ನಾಲ್ಕೇ ಸಾಲು.

ಆ ಮೀನಿನ ಗಾಡಿ ಹತ್ತಿರ ಸ್ವಲ್ಪ ಹೊತ್ತು ನಿಲ್ಲು. 1919ರ ಡಿಸೆಂಬರ್ 24ರ ಬೆಳಿಗ್ಗೆ ಅದೇ ರಾಜ್ಯದ ಬ್ರಿಡ್ಜ್‌ವಾಟರ್ ಊರಿನಲ್ಲಿ ಸಂಬಳದ ಹಣ ದೋಚುವ ಪ್ರಯತ್ನ ನಡೆಯಿತು. ಅದರಲ್ಲಿ ವಾಂಜೆಟ್ಟಿ ಇದ್ದ ಅನ್ನುವುದು ಅವನ ಮೇಲಿನ ಮೊದಲ ಕೇಸು. ಅವತ್ತು ಕ್ರಿಸ್‌ಮಸ್ ಹಿಂದಿನ ದಿನ. ಇಟಲಿಯವರ ಮನೆಗಳಲ್ಲಿ ಅವತ್ತು ಮಾಂಸ ಮುಟ್ಟುವುದಿಲ್ಲ, ಹಾವುಮೀನು ಬೇಕೇ ಬೇಕು. ನಮ್ಮಲ್ಲಿ ಯುಗಾದಿಗೆ ಬೇವು-ಬೆಲ್ಲ ಇಲ್ಲದೆ ಆಗುತ್ತದಾ? ಹಾಗೇ. ಮೀನು ಮಾರುವವನಿಗೆ ಆ ಬೆಳಿಗ್ಗೆ ಪುರುಸೊತ್ತೇ ಇರುವುದಿಲ್ಲ. ಡಜನ್‌ಗಿಂತ ಜಾಸ್ತಿ ಇಟಾಲಿಯನ್ನರು ಕೋರ್ಟಿಗೆ ಬಂದು ಅವನು ನಮ್ಮೂರು ಪ್ಲಿಮತ್‌ನಲ್ಲೇ ಇದ್ದ ಎಂದರು, ನಮಗೇ ಹಾವುಮೀನು ಕೊಟ್ಟ ಎಂದವರೂ ಇದ್ದರು. ತುಂಬಾ ಜನರ ಮಾತು ದುಭಾಷಿಯ ಬಾಯಿಂದಲೇ ಜ್ಯೂರಿಗೆ ತಲುಪಬೇಕಿತ್ತು. ಬೆಲ್ಟ್ರಾಂಡೊ ಬ್ರಿನಿ ಅಂತ 13 ವರ್ಷದ ಹುಡುಗ, ಅವನ ಜೊತೆ ಮೀನು ಹಂಚಿದ್ದು ನಾನೇ ಅಂತ ಇಂಗ್ಲಿಷಿನಲ್ಲೇ ಹೇಳಿದ. ಇದೆಲ್ಲ ಉರು ಹೊಡೆದ ಪಾಠ ಅಂತ ಸರ್ಕಾರಿ ವಕೀಲ ತೋರಿಸಲು ನೋಡಿದ. ಜ್ಯೂರಿ ಯಾರನ್ನೂ ನಂಬಲಿಲ್ಲ. 12ರಿಂದ 15 ವರ್ಷ ಶಿಕ್ಷೆ ಆಯಿತು. ಮುಂದೆ ಅವನನ್ನು ವಿದ್ಯುತ್ ಕುರ್ಚಿಗೆ ಒಯ್ದ ಸೌತ್ ಬ್ರೇನ್‌ಟ್ರೀ ಊರಿನ ದರೋಡೆ-ಕೊಲೆ ಕೇಸಿನಲ್ಲಿ ನಿಂತಾಗ ಅವನು ಆಗಲೇ ಅಪರಾಧಿ.

1927ರಲ್ಲಿ ವಕೀಲ ಹರ್ಬರ್ಟ್ ಎರ್ಮನ್ ಮತ್ತು ಅಚ್ಚುಕೂಟದ ಕೆಲಸಗಾರ ಆಲ್ಡಿನೊ ಫೆಲಿಕಾನಿ ಬಾಸ್ಟನ್ನಿನ ಮೀನು ವ್ಯಾಪಾರಿಗಳ ಹಳೆ ಕಾಗದ ಕೆದಕಿದರು. ಒಂದು ರಸೀದಿ ಸಿಕ್ಕಿತು. 1919ರ ಡಿಸೆಂಬರ್ 20, ಒಂದು ಪೀಪಾಯಿ ಹಾವುಮೀನು, ಕಳಿಸಿದ್ದು ವಾಂಜೆಟ್ಟಿಗೆ. ಏಳು ವರ್ಷ ಅದು ಅಲ್ಲೇ ಬಿದ್ದಿತ್ತು. ನಿನ್ನ ಕರಡಿನಲ್ಲಿ ಈ ರಸೀದಿ ಇಲ್ಲವೇ ಇಲ್ಲ, ತಂಗಿ. ನನಗೆ ಹೊಟ್ಟೆ ಉರಿದದ್ದು ಅಲ್ಲೇ.

ಹಾಗಂತ ಅವನನ್ನು ದೇವರು ಮಾಡಬೇಡ. ಹಿಡಿದಾಗ ಜೇಬಿನಲ್ಲಿ ಗುಂಡು ತುಂಬಿದ ರಿವಾಲ್ವರ್ ಇತ್ತು. ಪೊಲೀಸರಿಗೆ ಸುಳ್ಳು ಹೇಳಿದ. ಸರ್ಕಾರವೇ ಬೇಡ ಎನ್ನುವ, ಹಿಂಸೆ ತಪ್ಪಲ್ಲ ಎನ್ನುವ ಲುಯಿಜಿ ಗಲ್ಲೆಯಾನಿಯ ಬಳಗದವನು. ಇದನ್ನು ನೀನು ಮೆಲ್ಲಗೆ ದಾಟಿಬಿಟ್ಟಿದ್ದೀಯ. ದಾಟಬೇಡ, ಪೂರ್ತಿ ಬರೆ. ಜೊತೆಗೆ ಇದನ್ನೂ ಬರೆ: ಬಂಧನಕ್ಕೆ ಎರಡು ದಿನ ಮೊದಲು ಅವನ ಬಳಗದ ಆಂದ್ರೆಯಾ ಸಾಲ್ಸೆದೊ ನ್ಯೂಯಾರ್ಕಿನಲ್ಲಿ ಫೆಡರಲ್ ಪೊಲೀಸರ ವಶದಲ್ಲಿದ್ದಾಗ 14ನೇ ಮಹಡಿಯಿಂದ ಬಿದ್ದು ಸತ್ತಿದ್ದ. ಆ ವಾರ ಆ ಬಳಗದವರ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು ಅಂತ ಓದುವವರಿಗೆ ತಿಳಿಯಬೇಕು ಅಲ್ವಾ?

ಇನ್ನೊಂದು ಮಾತು, ಅವನ ಪತ್ರಗಳ ಅನುವಾದದ ಬಗ್ಗೆ. ಅವನು ಇಂಗ್ಲಿಷ್ ಬರೆಯೋಕೆ ಕಲಿತದ್ದು ಜೈಲಿನಲ್ಲಿ. ವಾಕ್ಯ ಎಡವುತ್ತದೆ, ಒಳಗಿಂದ ಇಟಾಲಿಯನ್ ಇಣುಕುತ್ತದೆ. ನೀನು ಅದನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿದ್ದೀಯ. ಓದಿದರೆ ಯಾರೋ ಮೇಷ್ಟರು ಮಾತಾಡಿದ ಹಾಗಿದೆ. ಆ ಎಡವುವಿಕೆ ಕನ್ನಡದಲ್ಲೂ ಸ್ವಲ್ಪ ಉಳಿಯಲಿ. ಇದೆಲ್ಲ ಆಗದಿದ್ದರೆ ನಾನು ಬೀದಿ ಮೂಲೆಯಲ್ಲಿ ಮಾತಾಡಿಕೊಂಡೇ ಬದುಕು ಮುಗಿಸುತ್ತಿದ್ದೆ ಅಂತ ಅವನ ಬಾಯಲ್ಲಿ ಎಲ್ಲರೂ ಹೇಳಿಸುವ ಆ ಪ್ರಸಿದ್ಧ ಮಾತಿದೆಯಲ್ಲ, ಅದನ್ನು ದಾಖಲಿಸಿದ್ದು ಭೇಟಿಗೆ ಬಂದ ಪತ್ರಕರ್ತ. ಅದು ಪೂರ್ತಿ ಅವನದೇನಾ ಅನ್ನುವ ಅನುಮಾನ ಹಿಂದಿನಿಂದಲೂ ಇದೆ. ಅವನೇ ಕೈಯಾರೆ ಬರೆದ ಪತ್ರ ಇರುವಾಗ ಅದಕ್ಕೇ ಯಾಕೆ ಜೋತು ಬೀಳಬೇಕು? ಫೆಲಿಕಾನಿ ಜೋಪಾನ ಮಾಡಿದ ಕಾಗದಪತ್ರಗಳು ಇವತ್ತು ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ಅಲ್ಲಿಗೆ ಬರೆದು ಕೇಳು.

ಮೊದಲ ಅಧ್ಯಾಯ ಸುಮ್ನೆ ಎತ್ತಿಡು. ಚಳಿಗಾಲದ ಆ ಬೆಳಿಗ್ಗೆ, ಪ್ಲಿಮತ್‌ನ ಒಂದು ಬೀದಿ, ಪೀಪಾಯಿಯಿಂದ ಹಾವುಮೀನು ತೆಗೆದು ತೂಗುತ್ತಿರುವ ಮೀಸೆಯವನು. ಅಷ್ಟನ್ನು ಬರೆದು ಕಳಿಸು. ಬಂದ ದಿನವೇ ಓದುತ್ತೇನೆ.

ನಿನ್ನ
ಅಣ್ಣ