ಸೂಜಿ ಹಿಡಿದು ಕಲಿತದ್ದಕ್ಕೂ ಅಂಕ ಕೊಡಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ಮಂಗಳೂರಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಉಪನ್ಯಾಸಕಿ. ಕಳೆದ ವರ್ಷ ಬಿ.ಎ. ತರಗತಿಯಲ್ಲಿ ದುಡಿಮೆಯ ಬಗ್ಗೆ ಪಾಠ ನಡೆಯುತ್ತಿತ್ತು. ಎಷ್ಟು ಕೇಳಿದರೂ ಹಿಂದಿನ ಬೆಂಚಿನವರು ಬಾಯಿ ಬಿಡಲಿಲ್ಲ. ಅವರಲ್ಲಿ ಹಲವರ ಅಮ್ಮಂದಿರು ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ದುಡಿಮೆ ಏನೆಂದು ನನಗಿಂತ ಆ ಮಕ್ಕಳಿಗೇ ಜಾಸ್ತಿ ಗೊತ್ತು.

ಒಂದು ದಿನ ಐದು ಮೀಟರ್ ಕೋರಾ ಬಟ್ಟೆ ತಂದು ನೆಲದ ಮೇಲೆ ಹಾಸಿದೆ. ಸೂಜಿ, ಬಣ್ಣದ ನೂಲು ಕೊಟ್ಟೆ. ‘ಅಮ್ಮನ ಒಂದು ದಿನವನ್ನು ಇದರಲ್ಲಿ ಹೊಲಿಯಿರಿ’ ಎಂದೆ. ಹುಡುಗರೂ ಕೂತರು. ಕೈಗೆ ಕೆಲಸ ಸಿಕ್ಕಿದ್ದೇ ಮಾತು ಶುರುವಾಯಿತು. ಎಲೆ, ತಂಬಾಕು ಇಡುವ ತಡ್ಪೆಯನ್ನು (ಮೊರ) ಮಡಿಲಲ್ಲಿಟ್ಟು ಕೂತು ಬಂದ ಬೆನ್ನುನೋವು, ಸಾವಿರ ಬೀಡಿಗೆ ಇಷ್ಟೆನ್ನುವ ಕೂಲಿಯ ಲೆಕ್ಕ, ಬೀಡಿ ಕೊಡುವ ಬ್ರಾಂಚಿನಲ್ಲಿ ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿ. ಒಬ್ಬ ಹುಡುಗ ಅಮ್ಮನ ಬೆರಳುಗಳನ್ನಷ್ಟೇ ಹೊಲಿದ. ಅದಕ್ಕೆ ಬೀಡಿಗೆ ಸುತ್ತುವ ನೂಲನ್ನೇ ಮನೆಯಿಂದ ತಂದಿದ್ದ.

ಇದು ನಾನು ಕಂಡುಹಿಡಿದದ್ದಲ್ಲ. ಚಿಲಿ ದೇಶದಲ್ಲಿ 1973ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಎಷ್ಟೋ ಜನ ಕಾಣೆಯಾದರು. ಅವರ ತಾಯಂದಿರು, ಹೆಂಡತಿಯರು ಚರ್ಚಿನ ಆಸರೆಯಲ್ಲಿ ಒಟ್ಟಿಗೆ ಕೂತರು. ಗೋಣಿಯಂಥ ಬಟ್ಟೆಯ ಮೇಲೆ ಚಿಂದಿ ಹೊಲಿದು ತಮ್ಮ ಕತೆ ಹೇಳಿದರು. ಅವಕ್ಕೆ ಅರ್ಪಿಯೇರಾ ಎಂದು ಹೆಸರು. ಬಾಯಿ ಬಿಡುವಂತಿಲ್ಲದ ಕಾಲದಲ್ಲಿ ಅವು ಗುಟ್ಟಾಗಿ ಹೊರದೇಶ ತಲುಪಿದವು. ನಮ್ಮ ಮಕ್ಕಳು ಈ ಕತೆಯನ್ನು ಕೇಳಿದ್ದೂ ಹೊಲಿಯುತ್ತಲೇ.

ಆದರೆ ಇದಕ್ಕೆ ಅಂಕ ಎಲ್ಲಿದೆ ಎಂದು ಮೇಲಿನವರು ಕೇಳಿದರು. ಬಟ್ಟೆ ಬೀರು ಸೇರಿತು. ಮಕ್ಕಳು ಅದೇ ಪಾಠಕ್ಕೆ ಮತ್ತೆ ಅಸೈನ್‌ಮೆಂಟ್ ಬರೆದರು. ಹೆಚ್ಚಿನವು ಸುಮ್ನೆ ನಕಲು. ನನಗೆ ತುಂಬಾ ಬೇಸರವಾಯಿತು.

ಒಟ್ಟಿಗೆ ಹೊಲಿದ ಕೆಲಸವನ್ನೂ ಇಂಟರ್ನಲ್ ಅಂಕಕ್ಕೆ ಪರಿಗಣಿಸುವಂತೆ ವಿಶ್ವವಿದ್ಯಾನಿಲಯಗಳಿಗೆ ಹೇಳಿ. ಎಲ್ಲರದ್ದೂ ಒಂದೇ ಬಟ್ಟೆಯಾದರೆ ಅಂಕ ಹೇಗೆ ಎನ್ನಬಹುದು. ಹೊಲಿಗೆಯ ಅಂದಕ್ಕೆ ಅಂಕ ಬೇಡ. ಮನೆಯಲ್ಲಿ ಏನು ಕೇಳಿದೆ, ಯಾಕೆ ಹೀಗೆ ಹೊಲಿದೆ ಎಂದು ಪ್ರತಿಯೊಬ್ಬರೂ ಡೈರಿ ಬರೆಯಲಿ. ಅದನ್ನು ಓದಿ ಅಂಕ ಕೊಡೋಣ.

ಇನ್ನೊಂದು ಮಾತು. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆ ಇದೆ. ಗಂಟೇ ಇಲ್ಲ, ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಅದನ್ನು ಬಲ್ಲ ಅಜ್ಜಿಯನ್ನು ಕರೆಸಿ ಪಾಠ ಮಾಡಿಸಬೇಕೆಂದು ನನಗೆ ಆಸೆ. ಅವರಿಗೆ ಡಿಗ್ರಿ ಇಲ್ಲ. ಕುಶಲಕರ್ಮಿಗಳನ್ನು ಕಾಲೇಜಿಗೆ ಕರೆಸಿಕೊಳ್ಳಲು ವಿಶ್ವವಿದ್ಯಾನಿಲಯ ಅನುದಾನ ಆಯೋಗವೇ (ಯುಜಿಸಿ) ದಾರಿ ತೋರಿಸಿದೆ, ಅಲ್ವಾ? ಹಾಗೆ ಬಂದವರಿಗೆ ಸರಿಯಾದ ಗೌರವಧನ ಸಿಗುವಂತೆ ಮಾಡಿ.

ಮಂಗಳೂರಿಗೆ ಬಂದಾಗ ತಿಳಿಸಿ. ಬೀರುವಿನಿಂದ ಬಟ್ಟೆ ತೆಗೆದು ಹಾಸುತ್ತೇವೆ. ಆ ಹುಡುಗನ ಅಮ್ಮನನ್ನೂ ಕರೆಯುತ್ತೇನೆ.

ಇಂತಿ,
ಮಂಗಳೂರಿನ ಒಬ್ಬ ಉಪನ್ಯಾಸಕಿ